ಊರು ಎದ್ದು ನಡೆದ ದಿನ

2025ರ ಆಗಸ್ಟ್ 19. ಅವತ್ತು ಕೈಯಲ್ಲಿದ್ದ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಒಂದು ಚರ್ಚ್ ನಡೆಯುವುದನ್ನು ನೋಡುತ್ತಾ ಕೂತಿದ್ದೆ.

ನಡೆಯುವುದು ಅಂದರೆ ನಡೆಯುವುದೇ. ಸ್ವೀಡನ್ನಿನ ಉತ್ತರ ತುದಿಯಲ್ಲಿ ಕಿರುನಾ ಅಂತ ಒಂದು ಊರಿದೆ. ಅಲ್ಲಿನ ಕೆಂಪು ಬಣ್ಣದ ಮರದ ಚರ್ಚಿನ ತೂಕ 672 ಟನ್. ಅದನ್ನು ಬಿಚ್ಚದೆ, ಮುರಿಯದೆ, ಇಡಿಯಾಗಿ ಎತ್ತಿ ಸಾಲು ಸಾಲು ಗಾಲಿಗಳ ಮೇಲೆ ಕೂರಿಸಿದ್ದರು. ಐದು ಕಿಲೋಮೀಟರ್ ದೂರಕ್ಕೆ ಎರಡು ದಿನದ ಪ್ರಯಾಣ. ಸ್ವೀಡನ್ನಿನ ಟೀವಿ ಅದನ್ನು ನೇರ ಪ್ರಸಾರ ಮಾಡುತ್ತಿತ್ತು. ಗಂಟೆಗೆ ಅರ್ಧ ಕಿಲೋಮೀಟರ್ ವೇಗ ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಚರ್ಚ್ ಸುಮ್ನೆ ನಿಂತಿದೆ ಅನ್ನಿಸುತ್ತದೆ. ಎದ್ದು ಹೋಗಿ ನೀರು ಕುಡಿದು ಬಂದು ನೋಡಿದರೆ, ಎದುರಿಗಿದ್ದ ದೀಪದ ಕಂಬ ಹಿಂದಕ್ಕೆ ಹೋಗಿರುತ್ತದೆ.

ಒಳಗಿನ ಆರ್ಗನ್ ವಾದ್ಯ, ಪೂಜಾವೇದಿಕೆಯ ದೊಡ್ಡ ಚಿತ್ರ ಎಲ್ಲವೂ ಒಳಗೇ ಇದ್ದವು. ಅದು ಹಾದುಹೋಗಲಿ ಅಂತ ರಸ್ತೆಯನ್ನೇ ಅಗಲ ಮಾಡಿದ್ದರು. ಎರಡೂ ಬದಿಯಲ್ಲಿ ಜನ ನಿಂತಿದ್ದರು. ದೇಶದ ರಾಜರೂ ಬಂದಿದ್ದರು. ಒಂದು ಕಡೆ ಅದು ಹಬ್ಬದ ಹಾಗಿತ್ತು. ಆದರೆ ನನಗೆ ಯಾಕೋ ಅದು ತೇರಿನ ಹಾಗೆ ಕಾಣಲಿಲ್ಲ. ತೇರು ಹೊರಟ ಜಾಗಕ್ಕೇ ವಾಪಸ್ ಬರುತ್ತದೆ. ಇದು ಬರುವುದಿಲ್ಲ.

ಯಾಕೆ ಸಾಗಿಸಿದರು ಅಂದರೆ, ಊರಿನ ಕೆಳಗೆ ಕಬ್ಬಿಣದ ಅದಿರು ಇದೆ.

ಕಿರುನಾದ ಅದಿರಿನ ಪದರ ನೆಟ್ಟಗೆ ಕೆಳಕ್ಕೆ ಇಳಿದಿಲ್ಲ. ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗೆ ಓರೆಯಾಗಿದೆ. ಆಳಕ್ಕೆ ಹೋದಷ್ಟೂ ಅದು ಊರಿನ ಅಡಿಗೆ ಸರಿಯುತ್ತದೆ. ಅಲ್ಲಿ ತೆಗೆಯುವ ಕ್ರಮ ಹೀಗೆ: ಕೆಳಗಿನಿಂದ ಸಿಡಿಮದ್ದು ಇಟ್ಟು ಅದಿರನ್ನು ಉದುರಿಸುತ್ತಾರೆ, ಸಾಗಿಸುತ್ತಾರೆ. ಖಾಲಿಯಾದ ಜಾಗಕ್ಕೆ ಮೇಲಿನ ಬಂಡೆ ತಾನಾಗಿ ಕುಸಿದು ತುಂಬಿಕೊಳ್ಳುತ್ತದೆ. ಆ ಕುಸಿತ ಮೇಲಕ್ಕೆ ಏರುತ್ತಾ ಏರುತ್ತಾ ಕೊನೆಗೆ ನೆಲದ ಮೇಲೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಈಗ ಅದಿರು ಸಾಗಿಸುವ ಮುಖ್ಯ ಹಂತವೇ 1,365 ಮೀಟರ್ ಮಟ್ಟದಲ್ಲಿದೆ. ಬಿರುಕು ವರ್ಷ ವರ್ಷವೂ ಊರಿನ ಕಡೆಗೆ ಬರುತ್ತಿದೆ ಅಂತ 2004ರಲ್ಲೇ ಹೇಳಿಬಿಟ್ಟರು. ಆಗ ಇದ್ದದ್ದು ಎರಡೇ ದಾರಿ. ಗಣಿ ನಿಲ್ಲಬೇಕು, ಇಲ್ಲಾ ಊರು ಹೋಗಬೇಕು.

ಊರು ಹೊರಟಿತು.

ಇದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಯಂತ್ರದ ಸಾಹಸ ಅಲ್ಲ. ಅಲ್ಲಿನವರು ಹೆಚ್ಚು ಗಲಾಟೆ ಮಾಡದೆ ಹೊರಟರಲ್ಲ, ಅದು. ಯಾಕೆ ಅಂತ ಓದುತ್ತಾ ಹೋದಾಗ ಸ್ವಲ್ಪ ಅರ್ಥವಾಯಿತು. ಕಿರುನಾ ಹುಟ್ಟಿದ್ದೇ ಗಣಿಗಾಗಿ, 1900ರಲ್ಲಿ. ಊರಿನ ನಕ್ಷೆ ಹಾಕಿಸಿದವರು ಗಣಿ ಕಂಪನಿಯ ಮೊದಲ ಮುಖ್ಯಸ್ಥ ಯಾಲ್ಮಾರ್ ಲುಂಡ್‌ಬೂಮ್. 1912ರಲ್ಲಿ ಮುಗಿದ ಆ ಚರ್ಚ್ ಕೂಡ ಕಂಪನಿ ಕೊಟ್ಟದ್ದೇ. ಅದಿರನ್ನು ಹಿಮ ಕಟ್ಟದ ಬಂದರಿಗೆ ಒಯ್ಯಲು ನಾರ್ವೆಯ ನಾರ್ವಿಕ್‌ವರೆಗೆ ರೈಲು ಹಾಕಿದ್ದೂ ಗಣಿಗಾಗಿ. ಗಣಿ ಇಲ್ಲದೆ ಊರಿಗೆ ಬೇರೆ ಕಾರಣವೇ ಇಲ್ಲ. ಹಾಗಾಗಿ ಗಣಿ "ಸ್ವಲ್ಪ ಸರಿಯಿರಿ" ಅಂದಾಗ ಇಲ್ಲ ಅನ್ನುವುದು ಕಷ್ಟ.

ಅಲ್ಲಿನವರ ದಿನಚರಿಯಲ್ಲಿ ಗಣಿ ಹೇಗೆ ಬೆರೆತಿದೆ ನೋಡಿ. ಮಧ್ಯರಾತ್ರಿ ದಾಟಿ ಒಂದೂವರೆ ಸುಮಾರಿಗೆ ಕೆಳಗೆ ಸಿಡಿಮದ್ದು ಸಿಡಿಸುತ್ತಾರೆ. ಮೇಲೆ ಮನೆಗಳಲ್ಲಿ ಮಲಗಿದವರ ಮಂಚ ಸಣ್ಣಗೆ ನಡುಗುತ್ತದೆ. ಹೊಸಬರು ಬೆಚ್ಚಿ ಏಳುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಜೋಗುಳದಷ್ಟೇ ಮಾಮೂಲು. 2020ರ ಮೇ ತಿಂಗಳಲ್ಲಿ ಗಣಿಯಿಂದಲೇ 4.9 ಪ್ರಮಾಣದ ಕಂಪನ ಆಯಿತು. ಆಗ ಮಾತ್ರ ಅಲ್ಲಿನವರೂ ಬೆಚ್ಚಿಬಿದ್ದರು.

ಹಳೆ ಪುರಭವನದ ಮೇಲಿದ್ದ ಕಬ್ಬಿಣದ ಗಡಿಯಾರ ಗೋಪುರವನ್ನು ಬಿಚ್ಚಿ ಹೊಸ ಪುರಭವನದ ಪಕ್ಕದಲ್ಲಿ ನಿಲ್ಲಿಸಿದ್ದಾರೆ. 2022ರಲ್ಲಿ ಹೊಸ ಪೇಟೆ ಶುರುವಾಯಿತು. ಅಂಗಡಿ, ಗ್ರಂಥಾಲಯ, ಹೋಟೆಲ್ಲು ಎಲ್ಲ ಮೂರು ಕಿಲೋಮೀಟರ್ ಪೂರ್ವಕ್ಕೆ ಬಂದವು. ಖರ್ಚಿನ ದೊಡ್ಡ ಭಾಗ ಗಣಿ ಕಂಪನಿಯದು. ಆ ಕಂಪನಿ ಸರ್ಕಾರದ್ದೇ. ಮನೆ ಹೋದವರಿಗೆ ಹೊಸ ಮನೆ, ಇಲ್ಲಾ ಹಣ. ಲೆಕ್ಕದ ಪ್ರಕಾರ ಇದು ಬಹಳ ಮಟ್ಟಿಗೆ ನ್ಯಾಯವಾಗಿಯೇ ನಡೆದ ಕೆಲಸ.

ಆದರೆ ಆ ಲೆಕ್ಕ ಶುರುವಾಗುವುದು 1900ರಿಂದ. ಅದಕ್ಕೂ ಮೊದಲು ಆ ನೆಲ ಖಾಲಿ ಇರಲಿಲ್ಲ. ಅದು ಸಾಮಿ ಜನ ಹಿಮಸಾರಂಗದ ಮಂದೆ ಹೊಡೆದುಕೊಂಡು ಓಡಾಡುತ್ತಿದ್ದ ದಾರಿ. ಚರ್ಚಿನ ಆಕಾರ ಕೂಡ ಅವರ ಗುಡಿಸಲನ್ನು ನೋಡಿ ಮಾಡಿದ್ದು. ರೈಲು ಹಳಿ, ರಸ್ತೆ, ಗಣಿಯ ಬೇಲಿ ಒಂದೊಂದಾಗಿ ಬಂದ ಹಾಗೆ ಸಾರಂಗಗಳ ದಾರಿ ಕಿರಿದಾಗುತ್ತಾ ಹೋಯಿತು. 2023ರ ಜನವರಿಯಲ್ಲಿ ಕಿರುನಾದ ಪಕ್ಕದಲ್ಲೇ ಅಪರೂಪದ ಖನಿಜಗಳ ದೊಡ್ಡ ನಿಕ್ಷೇಪ ಸಿಕ್ಕಿದೆ ಅಂತ ಕಂಪನಿ ಹೇಳಿತು. ಬ್ಯಾಟರಿ ಕಾರು, ಗಾಳಿ ಯಂತ್ರಗಳ ಮೋಟರಿಗೆ ಬೇಕಾದವು ಅವು. ಯುರೋಪಿಗೆಲ್ಲ ಸಂತೋಷ. ಆ ನಿಕ್ಷೇಪ ಇರುವುದು ಸಾರಂಗಗಳಿಗೆ ಉಳಿದಿರುವ ಕಿರಿದಾದ ಓಡಾಟದ ದಾರಿಯಲ್ಲೇ. ಚರ್ಚನ್ನು ಗಾಲಿಯ ಮೇಲೆ ಇಡಬಹುದು. ಮಂದೆ ನಡೆದು ಬಂದ ದಾರಿಯನ್ನು ಇಡುವುದು ಹೇಗೆ?

ಒಂದು ದೇಶದ ಖನಿಜ ಅಂದರೆ ನಮಗೆ ಶಾಲೆಯ ಭೂಗೋಳದ ನಕ್ಷೆ ನೆನಪಾಗುತ್ತದೆ. ಇಲ್ಲಿ ಕಬ್ಬಿಣ, ಇಲ್ಲಿ ತಾಮ್ರ, ಇಲ್ಲಿ ಕಲ್ಲಿದ್ದಲು ಅಂತ ಬಣ್ಣದ ಚುಕ್ಕಿ ಹಾಕಿ ಬಾಯಿಪಾಠ ಮಾಡಿಸುತ್ತಿದ್ದರು. ಆ ಚುಕ್ಕಿ ಅಲ್ಲೇ ಇರುತ್ತದೆ, ಕದಲುವುದಿಲ್ಲ. ಅದಿರು ಎಲ್ಲಿದೆಯೋ ಅಲ್ಲೇ ಸಿಗಬೇಕು. ಬಟ್ಟೆ ಗಿರಣಿಯನ್ನು ಬೇಕಾದರೆ ಇನ್ನೊಂದು ಕಡೆ ಹಾಕಬಹುದು, ಗಣಿಯನ್ನು ಆಗುವುದಿಲ್ಲ. ಹಾಗಾಗಿ ಜರುಗಬೇಕಾದವು ಉಳಿದವುಗಳೇ. ಮನೆ, ದಾರಿ, ನದಿ, ಗಡಿ, ಜನ. ಚುಕ್ಕಿ ಹಾಕುವಾಗ ಇದನ್ನು ಯಾರೂ ನಮಗೆ ಹೇಳಲಿಲ್ಲ. ಇವತ್ತಿಗೂ ನನಗೆ ಯಾವುದಾದರೂ ದೇಶದ ಗಣಿಯ ಸುದ್ದಿ ಕಂಡರೆ ಮೊದಲು ಬರುವ ಪ್ರಶ್ನೆ ಇದೇ. ಅಲ್ಲಿ ಜಾಗ ಬಿಟ್ಟವರು ಯಾರು? ಬಿಡುವ ಮುಂಚೆ ಅವರನ್ನು ಯಾರಾದರೂ ಕೇಳಿದ್ದರಾ?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಕಿರುನಾದಿಂದ ಅಲ್ಲ. ಒಂದು ಬಾಗಿಲು ತಡೆಯುವ ಕಲ್ಲಿನಿಂದ.

ಸಿಡ್ನಿಯಲ್ಲಿ ಪೆಸಿಫಿಕ್ ದ್ವೀಪಗಳ ಜೊತೆ ವ್ಯಾಪಾರ ಮಾಡುವ ಒಂದು ಕಂಪನಿಯ ಕಚೇರಿ ಇತ್ತು. ಅಲ್ಲಿ ಬಾಗಿಲು ಗಾಳಿಗೆ ಬಡಿಯದಿರಲಿ ಅಂತ ಒಂದು ಕಲ್ಲು ಇಟ್ಟಿದ್ದರು. ನೌರು ದ್ವೀಪದಿಂದ ಯಾರೋ ತಂದದ್ದು. ಕಲ್ಲಾಗಿ ಹೋದ ಮರದ ತುಂಡು ಅಂತ ಎಲ್ಲರೂ ಅಂದುಕೊಂಡಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿಗೆ ಅದರ ಮೇಲೆ ಅನುಮಾನ ಬಂತು. ಬೇರೆ ದ್ವೀಪಗಳಲ್ಲಿ ನೋಡಿದ ಫಾಸ್ಫೇಟ್ ಕಲ್ಲಿನ ಹಾಗೇ ಇದೆಯಲ್ಲ ಅಂತ. ಪರೀಕ್ಷೆ ಮಾಡಿದರು. ಬಹಳ ಉತ್ತಮ ದರ್ಜೆಯ ಫಾಸ್ಫೇಟ್. ಹೊಲಕ್ಕೆ ಗೊಬ್ಬರವಾಗುವ ಕಲ್ಲು.

ಜನ ದಿನಾ ದಾಟಿ ಓಡಾಡುತ್ತಿದ್ದ, ಕೆಲವೊಮ್ಮೆ ಕಾಲಿಗೆ ತಾಗಿಯೂ ಇದ್ದಿರಬಹುದಾದ ಒಂದು ಕಲ್ಲು. ಅದು ಗುರುತು ಸಿಗದೆ ಬಾಗಿಲ ಹತ್ತಿರವೇ ಇದ್ದಿದ್ದರೆ ಎರಡು ದ್ವೀಪಗಳ ಕತೆ ಬೇರೆಯೇ ಆಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಎರಡು ಅಂದೆ. ನೌರು ಒಂದು. ಅದರ ಪೂರ್ವಕ್ಕೆ ಮುನ್ನೂರು ಕಿಲೋಮೀಟರ್ ಹತ್ತಿರದಲ್ಲಿ ಬನಾಬಾ ಇನ್ನೊಂದು. ಅದೇ ಕಲ್ಲು ಅಲ್ಲೂ ಇರಬೇಕು ಅಂತ ಎಲ್ಲಿಸ್ 1900ರ ಮೇ ತಿಂಗಳಲ್ಲಿ ಬನಾಬಾಕ್ಕೆ ಹೋದರು. ಅಲ್ಲಿನ ಮುಖ್ಯಸ್ಥರು ಅಂತ ತಾವು ಅಂದುಕೊಂಡವರಿಂದ ಒಂದು ಕಾಗದಕ್ಕೆ ಗುರುತು ಹಾಕಿಸಿಕೊಂಡರು. ವರ್ಷಕ್ಕೆ 50 ಪೌಂಡ್. ಅವಧಿ 999 ವರ್ಷ.

ಈ 999 ಎಂಬ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಕಾಗದ ಬರೆದವರಿಗೆ ಅದು ವಕೀಲರ ಲೆಕ್ಕ. ಗುರುತು ಹಾಕಿದವರಿಗೆ ಏನು ಅಂತ ಅನ್ನಿಸಿರಬಹುದು? ಅವರ ಪ್ರಕಾರ ನೆಲ ಅಂದರೆ ತೆಂಗಿನ ಮರ, ಅಜ್ಜ ಅಜ್ಜಿಯನ್ನು ಹೂಳಿದ ಜಾಗ, ಮಳೆನೀರು ನಿಲ್ಲುವ ಗುಹೆ. ನೆಲವನ್ನೇ ಅಗೆದು ಹಡಗಿಗೆ ತುಂಬಿ ಇನ್ನೊಂದು ದೇಶದ ಹೊಲಕ್ಕೆ ಚೆಲ್ಲಬಹುದು ಎಂಬ ಯೋಚನೆಯೇ ಅವರ ಲೋಕದಲ್ಲಿ ಇರಲು ಸಾಧ್ಯವಿಲ್ಲ. ಮಾತೇ ಇಲ್ಲದ ವಿಷಯಕ್ಕೆ ಒಪ್ಪಿಗೆ ಕೊಡುವುದು ಹೇಗೆ?

ಬನಾಬಾದ ವಿಸ್ತೀರ್ಣ ಆರು ಚದರ ಕಿಲೋಮೀಟರ್, ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಲ್ಲಿನವರನ್ನು ಬೇರೆ ಬೇರೆ ದ್ವೀಪಗಳಿಗೆ ಎಳೆದೊಯ್ದಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಆಡಳಿತ ಅವರನ್ನು ವಾಪಸ್ ಊರಿಗೆ ಕಳಿಸಲಿಲ್ಲ. 1945ರ ಡಿಸೆಂಬರ್ 15ಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಫಿಜಿಯ ರಬಿ ದ್ವೀಪದಲ್ಲಿ ಇಳಿಸಿತು. ಊರಿನಲ್ಲಿ ಗಣಿ ನಡೆಯಿತು. 1979ರವರೆಗೂ ನಡೆಯಿತು. ಬನಾಬಾದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹೆಚ್ಚಾಗಿ ರಬಿಯಲ್ಲೇ ಇದ್ದಾರೆ. ಡಿಸೆಂಬರ್ 15 ಅವರಿಗೆ ಪ್ರತಿವರ್ಷ ಒಟ್ಟಿಗೆ ಸೇರುವ ದಿನ.

ಈಗ ನೌರು. ಇದು 21 ಚದರ ಕಿಲೋಮೀಟರಿನ ದೇಶ. ದೇಶವನ್ನು ಸುತ್ತುವ ರಸ್ತೆಯೇ ಹತ್ತೊಂಬತ್ತು ಕಿಲೋಮೀಟರ್. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಅಂಚಿನಲ್ಲಿ ಹಸಿರಿನ ಒಂದು ಬಳೆ, ಆ ಬಳೆಯ ಒಳಗೆ ಬೂದಿ ಬಣ್ಣದ ನೆಲ. ನಾನು ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಹೋಗಿದ್ದೇನೆ. ಹತ್ತಿರ ಹೋದ ಹಾಗೆ ಆ ಬೂದಿ ಬಣ್ಣ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಅವು ಸುಣ್ಣಕಲ್ಲಿನ ಕಂಬಗಳು. ಮೂಲತಃ ಹವಳ. ಫಾಸ್ಫೇಟ್ ಈ ಕಂಬಗಳ ಸಂದಿಯಲ್ಲಿ ಮಣ್ಣಿನ ಹಾಗೆ ತುಂಬಿಕೊಂಡಿತ್ತು. ಅದರ ಮೇಲೆ ಕಾಡಿತ್ತು. ಕಾಡು ಕಡಿದು, ಸಂದಿಯಲ್ಲಿದ್ದದ್ದನ್ನೆಲ್ಲ ತೋಡಿ ತೆಗೆದರು. ಉಳಿದದ್ದು ಹಲ್ಲಿನ ಸಾಲಿನ ಹಾಗೆ ನಿಂತ ಕಲ್ಲು. ಕೆಲವು ಮೂರು ನಾಲ್ಕು ಆಳೆತ್ತರ, ಕೆಲವು ಅದಕ್ಕೂ ಜಾಸ್ತಿ. ಅದರ ಮಧ್ಯೆ ನಡೆಯಲೂ ಆಗುವುದಿಲ್ಲ, ಏನನ್ನು ಬೆಳೆಯಲೂ ಆಗುವುದಿಲ್ಲ. ದೇಶದ ಸುಮಾರು ಐದರಲ್ಲಿ ನಾಲ್ಕು ಭಾಗ ಈಗ ಹೀಗೆ.

ಗಣಿಗಾರಿಕೆ ಶುರುವಾದದ್ದು 1907ರ ಹೊತ್ತಿಗೆ. ಮೊದಮೊದಲು ನೌರುವಿನವರಿಗೆ ಒಂದು ಟನ್ನಿಗೆ ಸಿಗುತ್ತಿದ್ದದ್ದು ಅರ್ಧ ಪೆನ್ನಿ. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಒಂದು ಮಂಡಳಿ ಮಾಡಿಕೊಂಡು ಫಾಸ್ಫೇಟನ್ನು ತಮ್ಮ ರೈತರಿಗೆ ಅಗ್ಗದಲ್ಲಿ ಕೊಟ್ಟವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹುಲ್ಲುಗಾವಲು ಹಸಿರಾದದ್ದರಲ್ಲಿ ಈ ಪುಟ್ಟ ದ್ವೀಪದ ಪಾಲಿದೆ. ಖನಿಜ ನೆಲದ ರೂಪ ಬದಲಿಸುತ್ತದೆ ಅಂದಾಗ ನಾವು ಗುಂಡಿಯನ್ನು ಮಾತ್ರ ನೋಡುತ್ತೇವೆ. ಗುಂಡಿಯಿಂದ ಹೊರಟ ಹಸಿರು ಎಲ್ಲಿಗೆ ಹೋಯಿತು ಅಂತಲೂ ನೋಡಬೇಕು, ಅಲ್ವಾ?

1960ರ ದಶಕದಲ್ಲಿ ಒಂದು ಮಾತು ಬಂತು. ಹೇಗಿದ್ದರೂ ದ್ವೀಪ ವಾಸಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ, ಇಡೀ ಜನರನ್ನೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಕರೆದೊಯ್ಯೋಣ ಅಂತ. ಮನೆ, ಕೆಲಸ, ಪೌರತ್ವ ಎಲ್ಲ ಕೊಡುತ್ತೇವೆ ಅಂದರು. ನೌರುವಿನವರು ಕೇಳಿದ್ದು ಒಂದೇ. ಅಲ್ಲಿ ನಾವು ನಾವಾಗಿಯೇ ಇರಬಹುದಾ? ನಮ್ಮನ್ನು ನಾವೇ ಆಳಿಕೊಳ್ಳಬಹುದಾ? ಅದಕ್ಕೆ ಆಸ್ಟ್ರೇಲಿಯಾ ಒಪ್ಪಲಿಲ್ಲ. 1964ರಲ್ಲಿ ನೌರುವಿನವರು ಬೇಡ ಅಂದುಬಿಟ್ಟರು.

ಈ "ಬೇಡ" ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರ ಪಕ್ಕದ ಬನಾಬಾಕ್ಕೆ ಏನಾಯಿತು ಅಂತ ಅವರಿಗೆ ಗೊತ್ತಿತ್ತು. ಯುದ್ಧದಲ್ಲಿ ಜಪಾನ್ ಅವರಲ್ಲೂ 1,200 ಜನರನ್ನು ಟ್ರುಕ್ ದ್ವೀಪಕ್ಕೆ ಸಾಗಿಸಿತ್ತು. ಜೀವಂತ ವಾಪಸ್ ಬಂದವರು 737 ಜನ. ಅವರು ಮನೆ ಸೇರಿದ್ದು 1946ರ ಜನವರಿ 31ರಂದು. ಸ್ವಾತಂತ್ರ್ಯಕ್ಕೆ ದಿನ ಆರಿಸುವಾಗ ನೌರು ಅದೇ ತಾರೀಕನ್ನು ಆರಿಸಿಕೊಂಡಿತು. 1968ರ ಜನವರಿ 31. ಮನೆಗೆ ಮರಳಿದ ದಿನವೇ ಸ್ವತಂತ್ರರಾದ ದಿನ.

ಆಮೇಲಿನದ್ದು ಹಲವರಿಗೆ ಗೊತ್ತಿರುವ ಕತೆ. ಗಣಿಯನ್ನು ಸರ್ಕಾರ ಕೊಂಡುಕೊಂಡಿತು. ಎಪ್ಪತ್ತರ ದಶಕದಲ್ಲಿ ತಲಾ ಆದಾಯದ ಲೆಕ್ಕದಲ್ಲಿ ನೌರು ಜಗತ್ತಿನ ಶ್ರೀಮಂತರ ಸಾಲಿನಲ್ಲಿತ್ತು. ತೆರಿಗೆ ಇರಲಿಲ್ಲ. ಆಸ್ಪತ್ರೆ, ಓದು ಉಚಿತ. ಸ್ವಂತ ವಿಮಾನ ಕಂಪನಿ. 1977ರಲ್ಲಿ ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್ ಎದ್ದು ನಿಂತಿತು. ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಹಣ ಹಾಕಿದರು, ಅದು ಕೆಲವೇ ವಾರಗಳಲ್ಲಿ ನಿಂತುಹೋಯಿತು. ಫಾಸ್ಫೇಟ್ ಮುಗಿಯುತ್ತಾ ಬಂತು. ಹಣವೂ ಮುಗಿಯಿತು. 2004ರಲ್ಲಿ ಆ ಕಟ್ಟಡವನ್ನೂ ಮಾರಿದರು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮಲ್ಲಿ ಗಾದೆಯಿದೆ. ನೌರು ಬಗ್ಗೆ ಮೊದಲ ಸಲ ಓದಿದಾಗ ನನ್ನ ಬಾಯಿಗೂ ಇದೇ ಬಂದಿತ್ತು. ಈಗ ಹಾಗೆ ಅನ್ನಲು ಮನಸ್ಸು ಬರುವುದಿಲ್ಲ. ಸ್ವಾತಂತ್ರ್ಯ ಬರುವ ಹೊತ್ತಿಗೇ ದ್ವೀಪದ ಮೂರರಲ್ಲಿ ಒಂದು ಭಾಗವನ್ನು ಬೇರೆಯವರು ತೋಡಿ ಮುಗಿಸಿದ್ದರು. ಅದನ್ನು ಸರಿಪಡಿಸಿಕೊಡಿ ಅಂತ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ಆಸ್ಟ್ರೇಲಿಯಾ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಹಣ ಬಂತು ನಿಜ. ಕಂಬಗಳ ಸಂದಿಗೆ ಮಣ್ಣು ಬರಲಿಲ್ಲ.

ಮಣ್ಣಿಲ್ಲದ ಮೇಲೆ ಅಡುಗೆಮನೆ ಹೇಗಿರುತ್ತದೆ ಯೋಚಿಸಿ. ತರಕಾರಿ ಬೆಳೆಯಲು ಜಾಗವಿಲ್ಲ. ಊಟ ಹಡಗಿನಲ್ಲಿ ಬರಬೇಕು. ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ. ಒಂದು ಕಾಲದಲ್ಲಿ ಕುಡಿಯುವ ನೀರು ಕೂಡ ಫಾಸ್ಫೇಟ್ ಒಯ್ಯಲು ಬರುವ ಹಡಗುಗಳ ಹೊಟ್ಟೆಯಲ್ಲಿ ಬರುತ್ತಿತ್ತು. ಸಕ್ಕರೆ ಕಾಯಿಲೆ ಅತಿ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ನೌರುವಿನ ಹೆಸರು ದಶಕಗಳಿಂದ ಮೇಲೆಯೇ ಇದೆ. ಇದನ್ನೆಲ್ಲ ಅವರ ಆಲಸ್ಯ ಅಂತ ಬರೆಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಒಬ್ಬ ಮನುಷ್ಯನ ರಕ್ತದಲ್ಲಿನ ಸಕ್ಕರೆಗೂ, ಸಾವಿರಾರು ಕಿಲೋಮೀಟರ್ ಆಚೆಯ ಹುಲ್ಲುಗಾವಲಿಗೂ, ಒಂದು ಬಾಗಿಲ ಕಲ್ಲಿಗೂ ಸಂಬಂಧವಿದೆ. ಆ ದಾರವನ್ನು ಹಿಡಿದು ಹೋಗುವ ತಾಳ್ಮೆ ಬೇಕು.

ಖನಿಜ ಮನೆ ಮಠಗಳನ್ನಷ್ಟೇ ಅಲ್ಲ, ದೇಶದ ಅಂಚನ್ನೂ ಜರುಗಿಸುತ್ತದೆ. ಬೊಲಿವಿಯಾಕ್ಕೆ ಒಂದು ಕಾಲದಲ್ಲಿ ಸಮುದ್ರವಿತ್ತು. ಅಟಕಾಮ ಮರುಭೂಮಿಯ ನೈಟ್ರೇಟ್ ಉಪ್ಪಿಗಾಗಿ 1879ರಲ್ಲಿ ಚಿಲಿ ಒಂದು ಕಡೆ, ಬೊಲಿವಿಯಾ ಮತ್ತು ಪೆರು ಇನ್ನೊಂದು ಕಡೆ ನಿಂತು ಯುದ್ಧವಾಯಿತು. ಅದೂ ಗೊಬ್ಬರಕ್ಕೆ, ಸಿಡಿಮದ್ದಿಗೆ ಬೇಕಾದ ಕಲ್ಲೇ. ಬೊಲಿವಿಯಾ ತನ್ನ ಕರಾವಳಿಯನ್ನು ಪೂರ್ತಿ ಕಳೆದುಕೊಂಡಿತು. ಅಲ್ಲಿನವರು ಇವತ್ತಿಗೂ ಪ್ರತಿ ಮಾರ್ಚ್ 23ಕ್ಕೆ ಸಮುದ್ರದ ದಿನ ಆಚರಿಸುತ್ತಾರೆ. ಅವರಿಗೆ ನೌಕಾಪಡೆ ಈಗಲೂ ಇದೆ, ಟಿಟಿಕಾಕಾ ಸರೋವರದಲ್ಲಿ ಓಡಾಡುತ್ತದೆ. ಕೇಳಿದಾಗ ನನಗೆ ಗಂಟಲು ಕಟ್ಟಿತು. ಗೆದ್ದ ಚಿಲಿಗಾದರೂ ಆ ಉಪ್ಪು ಎಷ್ಟು ದಿನ ಅನ್ನ ಹಾಕಿತು? ಆ ಉಪ್ಪಿನ ಬದಲಿಗೆ ಗೊಬ್ಬರಕ್ಕೂ ಸಿಡಿಮದ್ದಿಗೂ ಆಗುವ ಅಮೋನಿಯಾವನ್ನು ಜರ್ಮನಿಯವರು ಗಾಳಿಯಿಂದಲೇ ಮಾಡುವುದನ್ನು ಕಲಿತರು. ಕೆಲವು ದಶಕಗಳಲ್ಲಿ ನೈಟ್ರೇಟ್ ಊರುಗಳು ಒಂದೊಂದಾಗಿ ಖಾಲಿಯಾದವು. ಹಂಬರ್‌ಸ್ಟೋನ್ ಎಂಬ ಊರು ಇವತ್ತು ಯುನೆಸ್ಕೋ ಪಟ್ಟಿಯಲ್ಲಿರುವ ಸ್ಮಾರಕ. ಅಲ್ಲಿನಂಥ ನೈಟ್ರೇಟ್ ಊರುಗಳಲ್ಲಿ ಕೂಲಿಯನ್ನು ದೇಶದ ಹಣದಲ್ಲಿ ಕೊಡುತ್ತಿರಲಿಲ್ಲ. ಕಂಪನಿಯೇ ಮಾಡಿಸಿದ ಬಿಲ್ಲೆ ಕೊಡುತ್ತಿತ್ತು. ಆ ಬಿಲ್ಲೆ ನಡೆಯುತ್ತಿದ್ದದ್ದು ಕಂಪನಿಯ ಅಂಗಡಿಯಲ್ಲಿ ಮಾತ್ರ.

ಅದೇ ಚಿಲಿಯಲ್ಲಿ ತಾಮ್ರದ ಚುಕಿಕಮಾಟಾ ಇದೆ. ಗುಂಡಿಯ ಉದ್ದವೇ ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಅದರ ಪಕ್ಕದಲ್ಲಿದ್ದ ಊರಿನವರನ್ನು 2007ರ ಸುಮಾರಿಗೆ ಕಲಾಮಾ ಪಟ್ಟಣಕ್ಕೆ ಕಳಿಸಿದರು. ಅಲ್ಲೊಂದು ಒಳ್ಳೆಯ ಆಸ್ಪತ್ರೆ ಇತ್ತು. ಒಂದು ಕಾಲಕ್ಕೆ ದಕ್ಷಿಣ ಅಮೆರಿಕದಲ್ಲೇ ಹೆಸರಾದದ್ದು. ಅದು ಈಗ ಗಣಿಯಿಂದ ಬಂದ ಕಲ್ಲಿನ ರಾಶಿಯ ಅಡಿಯಲ್ಲಿದೆ. ತಾವು ಹುಟ್ಟಿದ ಆಸ್ಪತ್ರೆ ಕಲ್ಲಿನಡಿ ಹೂತುಹೋಗಿದೆ ಅನ್ನುವ ಜನ ಆ ಊರಿನವರು.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಬೋಟ್ಸ್ವಾನಾ ನನಗೆ ಬಹಳ ಇಷ್ಟದ ಉದಾಹರಣೆ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ತೀರಾ ಬಡ ದೇಶಗಳಲ್ಲಿ ಒಂದು. ಇಡೀ ದೇಶದಲ್ಲಿ ಟಾರು ರಸ್ತೆ ಹನ್ನೆರಡು ಕಿಲೋಮೀಟರ್ ಇತ್ತು ಅಂತ ಹೇಳುತ್ತಾರೆ. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ನೆಲ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನದೇ. ನಮ್ಮ ನೆಲದ ವಜ್ರ ನಮಗೇ ಅಂದಿದ್ದರೆ ಯಾರು ಏನು ಮಾಡಲು ಆಗುತ್ತಿತ್ತು? ಆದರೆ ನೆಲದಡಿಯ ಖನಿಜ ಬುಡಕಟ್ಟಿನದಲ್ಲ, ಇಡೀ ದೇಶದ್ದು ಅಂತ ಕಾನೂನಾಯಿತು. ಎಲ್ಲ ಬುಡಕಟ್ಟುಗಳನ್ನೂ ಒಪ್ಪಿಸಿ ಮಾಡಿದ ಕೆಲಸ ಅದು. ಆ ಹಣ ಶಾಲೆಯಾಯಿತು, ರಸ್ತೆಯಾಯಿತು, ಆಸ್ಪತ್ರೆಯಾಯಿತು. 1976ರಲ್ಲಿ ಸ್ವಂತ ನಾಣ್ಯ ತಂದಾಗ ಅದಕ್ಕೆ ಇಟ್ಟ ಹೆಸರು ಪುಲಾ. ಅವರ ಭಾಷೆಯಲ್ಲಿ ಪುಲಾ ಅಂದರೆ ಮಳೆ. ಕಲಹಾರಿ ಮರುಭೂಮಿಯ ಜನ ವಜ್ರ ಸಿಕ್ಕಿದ ಮೇಲೂ ಹಣಕ್ಕೆ ಮಳೆ ಅಂತ ಹೆಸರಿಟ್ಟರು.

ಅಲ್ಲೂ ಎಲ್ಲವೂ ಸರಿಯಿಲ್ಲ. ಮಧ್ಯ ಕಲಹಾರಿಯ ಅಭಯಾರಣ್ಯದಲ್ಲಿ ತಲೆತಲಾಂತರದಿಂದ ಇದ್ದ ಸಾನ್ ಜನರನ್ನು 1997ರಲ್ಲಿ, ಮತ್ತೆ 2002ರಲ್ಲಿ ಹೊರಗೆ ಸಾಗಿಸಿದರು. ವಜ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವುದು ಸರ್ಕಾರದ ಮಾತು. ಆದರೆ ಅವರನ್ನು ಹೊರಹಾಕಿದ್ದು ತಪ್ಪು ಅಂತ 2006ರಲ್ಲಿ ಅದೇ ದೇಶದ ಹೈಕೋರ್ಟ್ ಹೇಳಿತು. ಒಳ್ಳೆಯ ಮನೆಯಲ್ಲೂ ಒಬ್ಬರನ್ನು ಕೇಳುವುದು ಮರೆತುಹೋಗಿತ್ತು.

ಇನ್ನು ಗಣಿ ಮುಚ್ಚಿದ ಮೇಲೆ? ಬಾಗಿಲು ಹಾಕಿ ಹೊರಟರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಜರ್ಮನಿಯ ರೂರ್ ಪ್ರದೇಶದ ಬಗ್ಗೆ ಓದಿದ ಮೇಲೆ ಆ ನಂಬಿಕೆ ಹೋಯಿತು.

ರೂರ್‌ನಲ್ಲಿ ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಕಲ್ಲಿದ್ದಲು ತೆಗೆದರು. ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು, ಬಾಟ್ರಾಪ್ ಊರಿನಲ್ಲಿ. ಗಣಿಯವರು ಕೊನೆಯ ಇದ್ದಿಲಿನ ಉಂಡೆಯನ್ನು ಮೇಲಕ್ಕೆ ತಂದು ದೇಶದ ಅಧ್ಯಕ್ಷರ ಕೈಗೆ ಕೊಟ್ಟರು. ಅಷ್ಟು ವರ್ಷದಲ್ಲಿ ನೆಲದಡಿ ಎಷ್ಟು ಟೊಳ್ಳಾಗಿತ್ತು ಅಂದರೆ, ಮೇಲಿನ ಊರುಗಳೇ ಕೆಳಕ್ಕೆ ಇಳಿದಿದ್ದವು. ಕೆಲವು ಕಡೆ ಇಪ್ಪತ್ತು ಮೀಟರಿಗೂ ಜಾಸ್ತಿ. ಮನೆ, ಅಂಗಡಿ, ಟ್ರಾಮ್ ಹಳಿ ಸಮೇತ. ನಿಧಾನಕ್ಕೆ ಇಳಿದದ್ದರಿಂದ ಜನ ಅಲ್ಲೇ ಬದುಕುತ್ತಾ ಹೋದರು. ಈಗ ಅಲ್ಲಿನ ಎಷ್ಟೋ ಬಡಾವಣೆಗಳು ಪಕ್ಕದ ನದಿಗಿಂತ ತಗ್ಗಿನಲ್ಲಿವೆ. ಮಳೆನೀರು ಇಳಿಜಾರು ಹಿಡಿದು ಹೊರಗೆ ಹೋಗುವ ದಾರಿಯೇ ಇಲ್ಲ. ಪಂಪ್ ಹಾಕಿ ಎತ್ತಿ ಹೊರಗೆ ಬಿಡಬೇಕು. ಪಂಪ್ ನಿಂತರೆ ಆ ಬೀದಿಗಳು ಕೆರೆಯಾಗುತ್ತವೆ.

ಎಷ್ಟು ದಿನ ಪಂಪ್ ಮಾಡಬೇಕು? ಯಾವಾಗಲೂ. ಜರ್ಮನರು ಇದನ್ನು "ಅನಂತ ಕಾಲದ ಕೆಲಸ" ಎಂಬ ಅರ್ಥ ಬರುವ ಪದದಿಂದಲೇ ಕರೆಯುತ್ತಾರೆ. ಅದಕ್ಕೇ ಅಂತ 2007ರಲ್ಲಿ ಒಂದು ಪ್ರತಿಷ್ಠಾನ ಮಾಡಿದರು. ಅದರ ಹೂಡಿಕೆಯಿಂದ ಬರುವ ಹಣದಲ್ಲಿ ಪಂಪ್ ಓಡುತ್ತದೆ. ಬನಾಬಾದ ಕಾಗದದಲ್ಲಿ 999 ವರ್ಷ ಅಂತಾದರೂ ಇತ್ತು. ಇಲ್ಲಿ ಸಂಖ್ಯೆಯೇ ಇಲ್ಲ. ಆದರೆ ಇಲ್ಲಿ ಹೊರೆ ಹೊತ್ತವರು ತೆಗೆದವರೇ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಅಲ್ಲೇ ಎಮ್ಷರ್ ಅಂತ ಒಂದು ಸಣ್ಣ ನದಿ. ನೆಲ ಯಾವಾಗಲೂ ಕುಸಿಯುತ್ತಿದ್ದ ಕಾರಣ ಒಳಚರಂಡಿ ಕೊಳವೆ ಹಾಕಿದರೆ ಒಡೆದುಹೋಗುತ್ತಿತ್ತು. ಹಾಗಾಗಿ ಇಡೀ ಪ್ರದೇಶದ ಕೊಳಚೆಯನ್ನು ತೆರೆದ ನದಿಗೇ ಬಿಟ್ಟರು. ನೂರು ವರ್ಷ ಆ ನದಿ ಚರಂಡಿಯಾಗಿತ್ತು. ಗಣಿಗಳು ಉತ್ತರಕ್ಕೆ ಸರಿದು ನೆಲ ಅಲುಗಾಡುವುದು ನಿಂತ ಮೇಲೆ, 1992ರಿಂದ ಅಗೆದು ನೆಲದಡಿ ಕೊಳವೆ ಹಾಕಿದರು. 2021ರ ಕೊನೆಗೆ ಎಮ್ಷರ್‌ಗೆ ಕೊಳಚೆ ಬೀಳುವುದು ನಿಂತಿತು. ಮೀನುಗಳು ವಾಪಸ್ ಬರುತ್ತಿವೆ. ಗಣಿಯ ಕಲ್ಲಿನ ರಾಶಿಗಳ ಮೇಲೆ ಮರ ಬೆಳೆದಿದೆ, ಜನ ಸಂಜೆ ವಾಕಿಂಗ್ ಹೋಗುತ್ತಾರೆ. ಗಣಿಗೆ ಇಳಿಯುವವರು ಒಬ್ಬರಿಗೊಬ್ಬರು "ಗ್ಲೂಕ್ ಆಫ್" ಅನ್ನುತ್ತಿದ್ದರು. ಅದೃಷ್ಟ ಚೆನ್ನಾಗಿರಲಿ, ಸುರಕ್ಷಿತವಾಗಿ ಮೇಲೆ ಬಾ ಅಂತ ಹಾರೈಕೆ. ಇಳಿಯಲು ಗಣಿಯೇ ಇಲ್ಲದ ಈ ಕಾಲದಲ್ಲೂ ಅಲ್ಲಿನವರು ಆ ಮಾತು ಬಿಟ್ಟಿಲ್ಲ.

ಮತ್ತೆ ನೌರುವಿಗೆ ಬರುತ್ತೇನೆ. ಮನಸ್ಸು ತಿರುಗಿ ತಿರುಗಿ ಅಲ್ಲಿಗೇ ಹೋಗುತ್ತದೆ.

ನೆಲದ ಮೇಲೆ ತೆಗೆಯಲು ಹೆಚ್ಚೇನೂ ಉಳಿಯದ ಆ ದೇಶ ಈಗ ಸಮುದ್ರದ ತಳದ ಕಡೆ ನೋಡುತ್ತಿದೆ. ಹವಾಯಿ ಮತ್ತು ಮೆಕ್ಸಿಕೋ ಮಧ್ಯೆ, ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ, ಆಲೂಗಡ್ಡೆ ಗಾತ್ರದ ಕಪ್ಪು ಗಂಟುಗಳು ಹರಡಿಕೊಂಡಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್, ತಾಮ್ರ ಇದೆ. ಅಲ್ಲಿ ಗಣಿ ನಡೆಸಲು ಬಯಸುವ ಒಂದು ಕಂಪನಿಗೆ ನೌರು ಪ್ರಾಯೋಜಕ ದೇಶವಾಗಿ ನಿಂತಿದೆ. ನಿಯಮಗಳನ್ನು ಎರಡು ವರ್ಷದೊಳಗೆ ಮಾಡಿ ಮುಗಿಸಿ ಅಂತ 2021ರಲ್ಲಿ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ನೋಟಿಸ್ ಕೊಟ್ಟದ್ದೂ ನೌರುವೇ. ಬೇರೆ ಪೆಸಿಫಿಕ್ ದೇಶಗಳಲ್ಲಿ ಕೆಲವು ಇದನ್ನು ಬಲವಾಗಿ ವಿರೋಧಿಸುತ್ತಿವೆ.

ನನಗೆ ನೌರುವಿನ ಮೇಲೆ ಸಿಟ್ಟು ಬರುವುದಿಲ್ಲ. ಕೈಯಲ್ಲಿ ಏನೂ ಇಲ್ಲದವರು ಇನ್ನೇನು ಮಾಡಬೇಕು ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಹೆದರಿಕೆಯಾಗುತ್ತದೆ. ಸಮುದ್ರದ ತಳದಲ್ಲಿ ಎಬ್ಬಿಸಿ ಕಳಿಸಬೇಕಾದ ಊರಿಲ್ಲ. ಗಾಲಿಯ ಮೇಲೆ ಇಡಬೇಕಾದ ಚರ್ಚಿಲ್ಲ. ಬೇಡ ಅನ್ನುವ ಬಾಯಿಯೇ ಅಲ್ಲಿಲ್ಲ. ಅಲ್ಲಿರುವ ಜೀವಿಗಳಲ್ಲಿ ಹೆಚ್ಚಿನವಕ್ಕೆ ನಾವಿನ್ನೂ ಹೆಸರು ಕೂಡ ಇಟ್ಟಿಲ್ಲ. ಕೆಲವು ಆ ಗಂಟುಗಳಿಗೇ ಅಂಟಿಕೊಂಡು ಬದುಕುತ್ತವೆ.

ಆ ಗಂಟು ಬೆಳೆಯುವ ಕ್ರಮವನ್ನು ಒಂದು ಕಡೆ ಓದಿದೆ. ಯಾವುದಾದರೂ ಒಂದು ಸಣ್ಣ ವಸ್ತು ತಳಕ್ಕೆ ಬಿದ್ದಿರಬೇಕು. ಒಂದು ಚಿಪ್ಪಿನ ಚೂರು, ಇಲ್ಲಾ ಶಾರ್ಕ್ ಮೀನಿನ ಒಂದು ಹಲ್ಲು. ಅದರ ಸುತ್ತ ನೀರಿನಲ್ಲಿರುವ ಲೋಹ ಪದರ ಪದರವಾಗಿ ಕೂರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಕತ್ತರಿಸಿ ನೋಡಿದರೆ ಕೆಲವದರ ನಡುವೆ ಆ ಹಲ್ಲು ಹಾಗೇ ಇರುತ್ತದಂತೆ. ಪರೀಕ್ಷೆಗೆಂದು ಮೇಲೆ ತಂದ ಗಂಟುಗಳು ಈಗಾಗಲೇ ಎಷ್ಟೋ ಕಚೇರಿಗಳನ್ನು ಸೇರಿವೆ. ಅವುಗಳಲ್ಲಿ ಯಾವುದೋ ಒಂದು ಇವತ್ತು ಯಾರದೋ ಮೇಜಿನ ಮೇಲೆ, ಕಾಗದ ಹಾರದಿರಲಿ ಅಂತ ಕೂತಿರಬಹುದು.